ಸಾಕ್ಷಿ ಬರೆದ ಅವ್ವಾರು

ಅವ್ವಾರು ದಿನಾ ಬೆಳಿಗ್ಗೆ ದೇವರಲ್ಲಿ ಮೊಟ್ಟಮೊದಲು ಕ್ಷಮೆ ಕೇಳುತ್ತಿದ್ದುದು ತಪಕೀರಿನ ವಿಷಯಕ್ಕೆ. ಹಾಸಿಗೆಯ ಮೇಲೆಯೇ ಮೊಣಕಾಲೂರಿ, ನಿನ್ನೆ ಎಷ್ಟು ಸಲ ಮೂಗಿಗೇರಿಸಿದೆ ಎಂದು ಒಪ್ಪಿಸಿ, ಇವತ್ತು ಕಡಿಮೆ ಮಾಡುತ್ತೇನೆಂದು ಮಾತು ಕೊಟ್ಟು, ಆಮೆನ್ ಎಂದು ಎದ್ದವರೇ ಗೂಡಿನಲ್ಲಿದ್ದ ಡಬ್ಬಿಗೆ ಕೈ ಹಾಕುತ್ತಿದ್ದರು. ಒಮ್ಮೆ ಇದನ್ನು ಕಂಡು ನಾನು ನಕ್ಕುಬಿಟ್ಟೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ದೇವರಿಗೆ ನನ್ನ ಹಣೆಬರಹ ಗೊತ್ತಿದೆ, ಕೇಳಿ ಕೇಳಿ ಅವನಿಗೂ ರೂಢಿಯಾಗಿದೆ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಗೋರಿಯಿಂದ ಎದ್ದು ಬಂದು ಬೈಯುವ ಪೈಕಿ ಅವರು. ಶಿಗ್ಗಾಂವಿಯ ನಮ್ಮ ಸಭೆಯಲ್ಲಿ ಆಗ ಇದ್ದದ್ದು ಹದಿನಾಲ್ಕು ಕ್ರೈಸ್ತ ಮನೆಗಳು, ಹಂಚು ಹೊದಿಸಿದ ಒಂದು ಪ್ರಾರ್ಥನೆಯ ಮನೆ. ಅವ್ವಾರ ಗಂಡ ಅಲ್ಲಿ ಉಪದೇಶಿಯಾಗಿದ್ದರು. ಅವರು ತೀರಿಕೊಂಡ ಮೇಲೆ ಬೇರೆ ಉಪದೇಶಿ ಬಂದರೂ ಜನ ಏನಿದ್ದರೂ ಅವ್ವಾರ ಬಾಗಿಲಿಗೇ ಹೋಗುತ್ತಿದ್ದರು. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ಹೋಗಿಬಿಟ್ಟಿದ್ದಳು. ಅಪ್ಪ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅಂಗಿ ಹೊಲಿಯುತ್ತಿದ್ದ. ನಾನು ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದೆ. ಹೀಗಾಗಿ ನನಗೆ ತಲೆ ಬಾಚಿದ್ದು, ರೊಟ್ಟಿ ಬಡಿಯಲು ಕಲಿಸಿದ್ದು, ಬೈದದ್ದು ಎಲ್ಲವೂ ಅವ್ವಾರೇ.

ಕ್ಷಮೆಯ ಸುದ್ದಿ ಬಂದರೆ ಸಂತರ ಮುಖ ನೆನಪಿಗೆ ಬರುತ್ತದಲ್ಲ, ಅಂಥ ಮುಖ ಅವ್ವಾರದಲ್ಲ. ಗಿಡ್ಡ ಆಳು, ದಪ್ಪ ಹುಬ್ಬು, ಸಂತೆಯಲ್ಲಿ ನಿಂತು ಕರೆದರೆ ಬಸ್ಸು ನಿಲ್ಲುವ ದನಿ. ಅವರ ಕ್ರಮ ಏನೆಂದರೆ ಮೊದಲು ಬೈಗುಳ, ಆಮೇಲೆ ಕ್ಷಮೆ. ಬೈಗುಳದಲ್ಲಿ ಏನನ್ನೂ ಉಳಿಸುತ್ತಿರಲಿಲ್ಲ. ನೀನು ಇಂಥದ್ದು ಮಾಡಿದೆ, ಅದರಿಂದ ನನಗೆ ಇಂಥಲ್ಲಿ ನೋವಾಯಿತು ಎಂದು ಎದುರಿನವನಿಗೆ ಮನದಟ್ಟಾಗುವ ತನಕ ಬಿಡುತ್ತಿರಲಿಲ್ಲ. ಅದು ಮುಗಿದ ಮೇಲೆ ಮಾತ್ರ ಎಲ್ಲ ಮುಗಿಯಿತು. ಮತ್ತೆ ಆ ಸುದ್ದಿ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಗಾಯ ತೊಳೆಯದೆ ಎಣ್ಣೆ ಹಚ್ಚಬಾರದು ಎನ್ನುವುದು ಅವರ ಮಾತು.

ಹುಲಗೂರಿನಲ್ಲಿ ಉರುಸು ನಡೆಯುವಾಗ ಅವರು ಸುವಾರ್ತೆಯ ಸಣ್ಣ ಪುಸ್ತಕಗಳ ಚೀಲ ಹೊತ್ತು ನಡೆದೇ ಹೋಗುತ್ತಿದ್ದರು. ದರ್ಗಾದಿಂದ ತುಸು ದೂರ ಒಂದು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಅಲ್ಲಿ ಹೂವು ಮಾರುವ ಒಬ್ಬ ಮುದುಕಿ ಅವರ ಗೆಳತಿ. ಇಬ್ಬರೂ ಧರ್ಮದ ಸುದ್ದಿ ಎತ್ತಿದ್ದನ್ನು ನಾನು ಕೇಳಿಲ್ಲ, ಊರ ಸೊಸೆಯಂದಿರ ಸುದ್ದಿಯಲ್ಲೇ ಹೊತ್ತು ಮುಳುಗುತ್ತಿತ್ತು. ಒಂದು ವರ್ಷ ಮೀಸೆ ಬಂದ ಒಬ್ಬ ಗಟ್ಟಿ ಆಳು ಗೆಳೆಯರನ್ನು ನಗಿಸಲೆಂದು ಎಲೆ ಅಡಿಕೆ ಅಗಿದು ಆ ಪುಸ್ತಕಗಳ ಮೇಲೆ ಉಗುಳಿದ. ಅವ್ವಾರು ಎದ್ದು ನಿಂತು ಅವನ ಊರು, ಅವನ ತಾಯಿಯ ಹೆಸರು ಕೇಳಿ, ಆ ತಾಯಿಗೆ ಇದನ್ನು ತೋರಿಸಿದರೆ ಏನೆನ್ನುತ್ತಾಳೆ ಎಂದು ಒಂದು ತಾಸು ನಿಲ್ಲಿಸಿಕೊಂಡು ಕೇಳಿದರು. ಕೊನೆಗೆ ಅವನೇ ತನ್ನ ರುಮಾಲು ಬಿಚ್ಚಿ ಪುಸ್ತಕ ಒರೆಸಿದ. ಮುಂದಿನ ವರ್ಷದಿಂದ ಉರುಸಿಗೆ ಹೋದಾಗ ಅವ್ವಾರ ಚೀಲ ಹೊರುವವನು ಅವನೇ ಆದ.

ಇನ್ನು ಶನಿವಾರದ ರೊಟ್ಟಿಯ ಸುದ್ದಿ ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಧಾರವಾಡದ ಕಡೆಯಿಂದ ಪಾದ್ರಿ ಅಯ್ಯನವರು ಬಂದು ನಮಗೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಮೇಜಿನ ಬಳಿ ರೊಟ್ಟಿ, ದ್ರಾಕ್ಷಾರಸ ಹಂಚುವುದನ್ನು, ನಡೆಸುತ್ತಿದ್ದರು. ಅದರ ಹಿಂದಿನ ದಿನ, ಭೋಜನ ತೆಗೆದುಕೊಳ್ಳುವವರೆಲ್ಲ ಸಭೆಯ ಹಿರಿಯರಲ್ಲಿ ಹೋಗಿ ಹೆಸರು ಕೊಡಬೇಕು. ಯಾರೊಂದಿಗಾದರೂ ಮನಸ್ಸು ಮುರಿದಿದ್ದರೆ ಹೆಸರು ಕೊಡುವಂತಿಲ್ಲ. ಇಷ್ಟು ಎಲ್ಲ ಊರಿನ ಸಭೆಗಳಲ್ಲೂ ಇತ್ತು. ನಮ್ಮೂರಿನಲ್ಲಿ ಅವ್ವಾರು ಇದಕ್ಕೆ ಇನ್ನೊಂದು ಸೇರಿಸಿದ್ದರು. ಜಗಳವಾಡಿದ ಎರಡು ಮನೆಯವರೂ ಶನಿವಾರ ಎರಡೆರಡು ರೊಟ್ಟಿ ಬಡಿದು ಒಬ್ಬರ ಮನೆಗೊಬ್ಬರು ಒಯ್ದು ಕೊಡಬೇಕು. ಇವರದನ್ನು ಅವರು, ಅವರದನ್ನು ಇವರು ತಿನ್ನಬೇಕು. ಆಮೇಲೆ ಹೆಸರು. ರೊಟ್ಟಿ ಮುಟ್ಟಿದಾಗ ಇನ್ನೂ ಬಿಸಿ ಇರಬೇಕು ಎನ್ನುವುದು ಕಟ್ಟಳೆ. ಒಮ್ಮೆ ಗೋಡೆಯ ಸಲುವಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಲ್ಲಿ ತಮ್ಮ, ನಾಲ್ಕು ದಿನ ಒಣಗಿಸಿದ ಕಟಕ ರೊಟ್ಟಿ ಕಳಿಸಿದ. ಅಣ್ಣನಿಗೆ ಬಾಯಲ್ಲಿದ್ದದ್ದೇ ಆರು ಹಲ್ಲು. ಅವ್ವಾರು ಆ ರೊಟ್ಟಿಯನ್ನು ವಾಪಸು ಒಯ್ದು, ತಮ್ಮನನ್ನೇ ಒಲೆಯ ಮುಂದೆ ಕೂರಿಸಿ ರೊಟ್ಟಿ ಬಡಿಯಲು ಹಚ್ಚಿದರು. ಅವನು ಬಡಿದದ್ದು ಯಾವ ಆಕಾರವೂ ಅಲ್ಲದ ರೊಟ್ಟಿ. ಅಣ್ಣ ಅದನ್ನು ನೋಡಿ ನಕ್ಕ, ಜಗಳ ಅಲ್ಲಿಗೆ ಮುಗಿಯಿತು.

ಈಗ ನನ್ನ ಕಥೆಗೆ ಬರುತ್ತೇನೆ. ಎರಡನೆಯ ಮಹಾಯುದ್ಧ ಶುರುವಾಗುವ ನಾಲ್ಕೈದು ವರ್ಷ ಮೊದಲಿನ ಮಾತು. ಹಿರೇಕೆರೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಮಾಸ್ತರ. ನೋಡಲು ಬಂದಾಗ ನಮ್ಮಪ್ಪನ ಯಂತ್ರದ ಎದುರು ಕುಳಿತು ಅದರ ಚಕ್ರ ತಿರುಗುವುದನ್ನು ಸಣ್ಣ ಹುಡುಗನ ಹಾಗೆ ನೋಡುತ್ತಿದ್ದ. ಅಷ್ಟಕ್ಕೇ ನನಗೆ ಅವನು ಹಿಡಿಸಿಬಿಟ್ಟ. ಎರಡೂ ಕಡೆಗೆ ಒಪ್ಪಿಗೆಯಾಯಿತು. ಇನ್ನು ಉಳಿದದ್ದು ಸಾಕ್ಷಿ. ನಮ್ಮ ಜನರ ಮನೆಗಳು ಅಲ್ಲೊಂದು ಇಲ್ಲೊಂದು ಚದುರಿರುವುದರಿಂದ ಹೆಣ್ಣಿನವರ ಸುದ್ದಿ ಗಂಡಿನವರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಗಂಡಿನ ಕಡೆಯವರು ಆ ಊರಿನ ಸಭೆಯ ಯಾರಾದರೂ ಹಿರಿಯರಿಗೆ ಕಾಗದ ಬರೆದು, ಹುಡುಗಿ ಹೇಗೆ ಎಂದು ಕೇಳುವುದು ರೂಢಿ. ಯಾರನ್ನು ಕೇಳುತ್ತಾರೆ ಎಂಬುದನ್ನು ಹೆಣ್ಣಿನ ಮನೆಗೆ ಹೇಳುವುದಿಲ್ಲ.

ಒಂದು ತಿಂಗಳಿಗೆ ಹಿರೇಕೆರೂರಿನಿಂದ ಎರಡು ಸಾಲಿನ ಕಾಗದ ಬಂತು. ಸದ್ಯಕ್ಕೆ ಅನುಕೂಲವಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು. ಅಪ್ಪ ಅದನ್ನು ಓದಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮತ್ತೆ ಯಂತ್ರ ತುಳಿಯತೊಡಗಿದ. ಕಾರಣ ಆಮೇಲೆ ಹಾನಗಲ್ಲಿನ ನಮ್ಮ ನಂಟರ ಬಾಯಿಂದ ತಿಳಿಯಿತು. ಹುಡುಗಿಗೆ ಮೂರ್ಛೆರೋಗ ಇದೆಯಂತೆ.

ಮೂರ್ಛೆರೋಗ ಎಲ್ಲಿಂದ ಹುಟ್ಟಿತು ಎಂಬುದು ನನಗೆ ತಕ್ಷಣ ಹೊಳೆಯಿತು. ಆ ವರ್ಷದ ಶುಭ ಶುಕ್ರವಾರ ನಾನು ಪ್ರಾರ್ಥನೆಯ ನಡುವೆ ಎಚ್ಚರ ತಪ್ಪಿ ಬಿದ್ದಿದ್ದೆ. ಇದರ ನಿಜ ಹೇಳಲು ಈಗಲೂ ನಾಚಿಕೆ. ದವಾಖಾನೆಯ ಕಂಪೌಂಡರನ ಹೆಂಡತಿ ಮಾರ್ಥವ್ವ ಎಂದು ಒಬ್ಬಳಿದ್ದಳು, ನನ್ನ ಓರಗೆಯವಳು. ಉಪವಾಸದಲ್ಲಿ ನನಗೂ ಅವಳಿಗೂ ಪೈಪೋಟಿ. ಅವಳು ಗುರುವಾರ ರಾತ್ರಿಯಿಂದ ಏನೂ ಮುಟ್ಟುವುದಿಲ್ಲ ಎಂದಳೆಂದು ನಾನು ಬುಧವಾರದಿಂದಲೇ ಅನ್ನ ನೀರು ಬಿಟ್ಟೆ. ಕರ್ತನು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಆ ದಿನ ಏಳು ಪ್ರಸಂಗ. ಆರನೆಯದಕ್ಕೆ ನಾನು ನೆಲಕ್ಕೆ ಬಿದ್ದೆ. ಮುಖಕ್ಕೆ ನೀರು ಹೊಡೆದವಳು ಮಾರ್ಥವ್ವ, ಮರುದಿನ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಅದನ್ನು ಬಣ್ಣಿಸಿದವಳೂ ಅವಳೇ. ಮೇಲಾಗಿ ಅವಳ ತವರಿನ ನಂಟರು ಹಿರೇಕೆರೂರಿನಲ್ಲಿದ್ದರು. ನನಗೆ ಇನ್ನೇನು ಬೇಕು?

ನಾನು ಅವಳನ್ನು ಒಂದು ಮಾತೂ ಕೇಳಲಿಲ್ಲ. ಕೇಳುವುದಕ್ಕಿಂತ ದ್ವೇಷಿಸುವುದು ಸುಲಭವಾಗಿತ್ತು. ಆ ಸುದ್ದಿ ಹಬ್ಬಿದ್ದರಿಂದ ಎರಡು ವರ್ಷ ನನಗೆ ಮತ್ತೆ ಯಾವ ಸಂಬಂಧವೂ ಬರಲಿಲ್ಲ. ಅಪ್ಪ ನನ್ನ ಮುಂದೆ ಮದುವೆಯ ಮಾತು ಎತ್ತುವುದನ್ನೇ ಬಿಟ್ಟ. ಸಾಲಿಯಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿಯರು ಒಬ್ಬೊಬ್ಬರಾಗಿ ಲಗ್ನವಾಗಿ ಹೋಗುತ್ತಿದ್ದರು, ನಾನು ಅವರಿಗೆ ಅಕ್ಕಿ ಹಾಕಿ ಬಂದು ಒಳಗೆ ಅಳುತ್ತಿದ್ದೆ. ಎಂಟು ಸಲ ಕರ್ತನ ಭೋಜನ ಬಂತು, ಎಂಟು ಸಲವೂ ನಾನು ಹೆಸರು ಕೊಡಲಿಲ್ಲ. ಉಳಿದವರು ಎದ್ದು ಮೇಜಿನ ಹತ್ತಿರ ಹೋಗುವಾಗ ಹಿಂದಿನ ಸಾಲಿನಲ್ಲಿ ಗೂಟ ಹೊಡೆದಂತೆ ಕೂತಿರುತ್ತಿದ್ದೆ. ಮಾರ್ಥವ್ವ ಒಂದೆರಡಲ್ಲ, ನಾಲ್ಕು ಶನಿವಾರ ನನಗೆ ಬಿಸಿ ರೊಟ್ಟಿ ತಂದಳು. ನಾನು ಅವಳ ಕಣ್ಣೆದುರಿಗೇ ಎಮ್ಮೆಗೆ ಹಾಕಿದೆ.

ಆ ಎಂಟು ಸಲವೂ ಅವ್ವಾರು ನನ್ನ ಪಕ್ಕದಲ್ಲೇ ಕೂತಿದ್ದರು. ಅವರೂ ಮೇಜಿಗೆ ಹೋಗಲಿಲ್ಲ. ತಾಯಿಯಿಲ್ಲದ ಹುಡುಗಿ ಒಬ್ಬಳೇ ಕೂರಬಾರದು ಎಂದು ಆಕೆ ಜೊತೆಗೆ ಕೂತಿದ್ದಾಳೆ ಎಂದು ಜನ ಕೊಂಡಾಡಿದರು. ನನಗೂ ಹಾಗೇ ಅನ್ನಿಸಿ ಎದೆ ತುಂಬಿ ಬರುತ್ತಿತ್ತು. ಊರಿನವರ ಜಗಳಕ್ಕೆಲ್ಲ ರೊಟ್ಟಿ ಬಡಿಯಲು ಹಚ್ಚಿದ ಅವ್ವಾರು ನನಗೆ ಮಾತ್ರ ಒಂದು ಸಲವೂ ಮಾರ್ಥವ್ವನ ಜೊತೆ ರಾಜಿಯಾಗು ಎನ್ನಲಿಲ್ಲ. ಅದನ್ನೂ ನಾನು ಪ್ರೀತಿ ಎಂದೇ ತಿಳಿದೆ.

ಒಂಬತ್ತನೆಯ ಸಲದ ಶನಿವಾರ, ಮಧ್ಯಾಹ್ನದ ಉರಿಬಿಸಿಲಲ್ಲಿ ಅವ್ವಾರು ನಮ್ಮ ಮನೆಗೆ ಬಂದರು. ಅಪ್ಪ ಸವಣೂರಿನ ಸಂತೆಗೆ ಹೋಗಿದ್ದ. ಅವರ ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಯಾರ ಮನೆಯ ರೊಟ್ಟಿ ಎಂದು ಕೇಳಿದೆ. ತಮ್ಮ ಮನೆಯದು ಎಂದರು. ನಮ್ಮಿಬ್ಬರಿಗೇನು ಜಗಳ ಎಂದು ನಾನು ನಕ್ಕೆ. ಅವರು ನಗಲಿಲ್ಲ. ನೆಲದ ಮೇಲೆ ಕೂತು ತಾಟನ್ನು ನಡುವೆ ಇಟ್ಟರು.

"ತಂಗಿ, ಹಿರೇಕೆರೂರಿಗೆ ಬರದಾಕಿ ಮಾರ್ಥವ್ವ ಅಲ್ಲ. ನಾನು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ತಡೆಯದೆ ಮುಂದುವರಿಸಿದರು.

"ಅವ್ರು ನನಗ ಸಾಕ್ಷಿ ಕೇಳಿದ್ರು. ಹುಡುಗಿ ಓದಿದಾಕಿ, ಮನಿ ಕೆಲಸಾ ಬಲ್ಲಾಕಿ, ಸಿಟ್ಟು ಒಂದೀಟು ಜಾಸ್ತಿ ಅಂತ ಬರದೆ. ಕಡೀಕ, ಪ್ರಾರ್ಥನಿಯೊಳಗ ಒಮ್ಮೆ ಎಚ್ಚರ ತಪ್ಪಿ ಬಿದ್ದದ್ದನ್ನ ಕಂಡೇನಿ ಅಂತನೂ ಬರದೆ. ಕಂಡದ್ದನ್ನ ಮುಚ್ಚಿಟ್ರ ಸುಳ್ಳು ಆಗತೈತಿ ಅನ್ನಿಸ್ತು. ಯಾಕ ಬಿದ್ದಿ ಅಂತ ನಿನ್ನ ಒಂದು ಮಾತು ಕೇಳಲಿಲ್ಲ. ಕೇಳದ ಬರದೆ. ಅದು ನನ್ನ ತಪ್ಪು."

ಎರಡು ವರ್ಷ ಏಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅಂಜಿಕೆ ಎಂದರು. ಊರಿಗೆಲ್ಲ ಹೇಳುವವಳು ತಾನು, ತನ್ನ ತಪ್ಪನ್ನು ಯಾವ ಬಾಯಿಂದ ಹೇಳಲಿ ಎಂದು ದಿನ ದೂಡಿದರಂತೆ. ಹಿಂದಿನ ದಿನ ಮಾರ್ಥವ್ವ ಅವರ ಮನೆಗೆ ಹೋಗಿ, ನಾನೇನು ಮಾಡಿದ್ದೇನೆ ಎಂದು ಆಕೆ ನನ್ನ ರೊಟ್ಟಿ ಎಮ್ಮೆಗೆ ಹಾಕುತ್ತಾಳೆ ಎಂದು ಅತ್ತಳಂತೆ. ಅವಳ ಮುಂದೆ ಆಗಲೇ ಎಲ್ಲ ಒಪ್ಪಿಕೊಂಡು, ಈಗ ನನ್ನ ಹತ್ತಿರ ಬಂದಿದ್ದರು.

"ಇನ್ನೊಂದು ಐತಿ," ಎಂದರು. "ನಿನ್ನ ಸಂಗಾತಕ್ಕ ಅಂತ ಬಾಜೂಕ ಕುಂತೀನಿ ಅಂತ ಮಂದಿ ಅಂದ್ರು. ನಾನೂ ಹೂಂ ಅಂದೆ. ಅದೂ ಸುಳ್ಳ. ನನಗ ಮೇಜಿಗೆ ಹೋಗೂ ಮಾರಿ ಇರಲಿಲ್ಲ, ಅದಕ್ಕ ಕುಂತೆ."

ನಾನು ಬೈದೆ. ಹೇಗೆ ಬೈಯಬೇಕೆಂದು ಅವರೇ ಕಲಿಸಿದ್ದರು, ಏನನ್ನೂ ಉಳಿಸಲಿಲ್ಲ. ನನ್ನ ಎರಡು ವರ್ಷ, ಅಪ್ಪನ ಬಗ್ಗಿದ ಬೆನ್ನು, ಅಕ್ಕಿ ಹಾಕಿ ಬಂದು ಅತ್ತ ಮಧ್ಯಾಹ್ನಗಳು ಎಲ್ಲವನ್ನೂ ಅವರ ಮುಂದೆ ಸುರಿದೆ. ಅವರು ತಪಕೀರಿನ ಡಬ್ಬಿಯನ್ನೂ ಮುಟ್ಟದೆ ಕೂತು ಕೇಳಿದರು. ನನ್ನ ದನಿ ಬತ್ತಿದ ಮೇಲೆ ಎದ್ದು ಹೋದರು. ರೊಟ್ಟಿ ತಾಟಿನಲ್ಲೇ ಆರಿ ತಣ್ಣಗಾಯಿತು. ನಾನು ಅದನ್ನು ಎಮ್ಮೆಗೂ ಹಾಕಲಿಲ್ಲ, ತಿನ್ನಲೂ ಇಲ್ಲ.

ಮಾರ್ಥವ್ವನ ಮನೆಗೆ ಮಾತ್ರ ಮರುದಿನ ಬೆಳಿಗ್ಗೆಯೇ ಹೋದೆ. ತಪ್ಪು ನನ್ನದೆಂದು ಹೇಳುವುದು ನಾನು ತಿಳಿದದ್ದಕ್ಕಿಂತ ಹಗುರವಾಗಿತ್ತು. ಅವಳು ಅರ್ಧ ತಾಸು ಬೈದು, ನಡುವೆ ಎರಡು ಸಲ ಅತ್ತು, ಕೊನೆಗೆ ಉಪವಾಸದಲ್ಲಿ ತಾನು ಆ ಶುಕ್ರವಾರ ಕದ್ದು ಬೆಲ್ಲ ತಿಂದದ್ದನ್ನು ಒಪ್ಪಿಕೊಂಡಳು. ಬೆಲ್ಲದ ಸುದ್ದಿ ಕೇಳಿ ನನಗೆ ಬಂದ ಸಿಟ್ಟಿಗೆ ಇಬ್ಬರೂ ನಕ್ಕೆವು. ಆವತ್ತಿನಿಂದ ಅವಳು ನನ್ನ ಅತ್ಯಂತ ಹತ್ತಿರದ ಗೆಳತಿ.

ಅವ್ವಾರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅದೇ ವಾರ ಸರ್ವಿಸ್ ಮೋಟಾರು ಹಿಡಿದು ಹಾನಗಲ್ಲಿಗೆ, ಅಲ್ಲಿಂದ ಸಿಕ್ಕ ಗಾಡಿಯಲ್ಲಿ ಹಿರೇಕೆರೂರಿಗೆ ಹೋದರು. ಆ ಮಾಸ್ತರನಿಗೆ ಬೇರೆ ಲಗ್ನವಾಗಿ ಕೈಯಲ್ಲಿ ಕೂಸಿತ್ತು. ಅದು ಅವ್ವಾರಿಗೆ ಮೊದಲೇ ಗೊತ್ತಿತ್ತು. ಹೋಗಿ ಏನು ಉಪಯೋಗ ಎಂದು ಅಪ್ಪ ಕೇಳಿದ್ದಕ್ಕೆ, ಉಪಯೋಗಕ್ಕಲ್ಲ, ನನ್ನ ಕೈಬರಹ ಆ ಮನೆಯಲ್ಲಿ ಉಳಿದಿದೆ ಎಂದರಂತೆ. ಅವನ ತಾಯಿಯ ಮುಂದೆ ನಡೆದದ್ದನ್ನೆಲ್ಲ ಹೇಳಿ, ಹುಡುಗಿಗೆ ಯಾವ ರೋಗವೂ ಇಲ್ಲ, ಇರುವುದು ಹಟ ಒಂದೇ ಎಂದು ಬಾಯಿಸಾಕ್ಷಿ ಕೊಟ್ಟು ಬಂದರು. ಬಂದ ಮೇಲೆ ಮೂರು ದಿನ ಜ್ವರದಲ್ಲಿ ಮಲಗಿದರು. ನಾನೇ ಗಂಜಿ ಕಾಯಿಸಿಕೊಟ್ಟೆ. ಇಬ್ಬರೂ ಆ ಸುದ್ದಿ ಎತ್ತಲಿಲ್ಲ.

ಮುಂದಿನ ಕರ್ತನ ಭೋಜನದ ಹೊತ್ತಿಗೆ ನಾನು ಅವರ ಮನೆಗೆ ರೊಟ್ಟಿ ಒಯ್ದು, ನಿಮ್ಮನ್ನ ಕ್ಷಮಿಸೇನ್ರಿ ಎಂದೆ. ಅವರದನ್ನು ನಾನು ತಿಂದೆ, ನನ್ನದನ್ನು ಅವರು ತಿಂದರು. ಮಾರ್ಥವ್ವನೂ ಸೇರಿ ಮೂವರೂ ಹೆಸರು ಕೊಟ್ಟೆವು. ಅವ್ವಾರು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು.

ಹಿರೇಕೆರೂರಿನಲ್ಲಿ ಅವ್ವಾರು ಆಡಿದ ಮಾತು ಹಾನಗಲ್ಲಿನ ತನಕ ಹರಡಿತ್ತು. ಮರುವರ್ಷ ಹಾನಗಲ್ಲಿನಿಂದಲೇ ಒಂದು ಸಂಬಂಧ ಬಂತು. ಹುಡುಗ ಬಡಗಿ ಕೆಲಸದವನು. ಸಾಕ್ಷಿಯ ಕಾಗದ ಯಾರಿಗೂ ಬರೆಯದೆ ತಾನೇ ಬಂದು, ನಿಮಗೆ ಮೂರ್ಛೆ ಬರುತ್ತದೇನು ಎಂದು ನನ್ನನ್ನೇ ಕೇಳಿದ. ಮೂರು ದಿನ ಊಟ ಹಾಕದಿದ್ದರೆ ಬರುತ್ತದೆ ಎಂದೆ. ಲಗ್ನವಾಯಿತು. ಗೊರಕೆಯೊಂದು ಬಿಟ್ಟರೆ ಅವನ ಮೇಲೆ ನನಗೆ ಇವತ್ತಿಗೂ ಯಾವ ದೂರೂ ಇಲ್ಲ. ಮಾಡಿದ ಬಾಗಿಲು ಸರಿಯಾಗಿ ಕೂರದಿದ್ದರೆ ಆ ಮನೆಯ ಮುಂದೆ ಹಾಯುವಾಗಲೆಲ್ಲ ತಲೆ ತಗ್ಗಿಸುವ ಮನುಷ್ಯ. ಮೂರು ಮಕ್ಕಳಾದವು. ಯುದ್ಧದ ದಿನಗಳ ಸೀಮೆಎಣ್ಣೆ, ಸಕ್ಕರೆಯ ಪಾಳಿಗಳಲ್ಲೂ ನಾವು ನಗುನಗುತ್ತಲೇ ನಿಂತಿದ್ದೆವು.

ಯುದ್ಧ ಮುಗಿದ ಮರುವರ್ಷ ಅವ್ವಾರನ್ನು ನೋಡಲು ಹೋದೆ. ಕಣ್ಣು ಮಂಜಾಗಿ, ಸವಣೂರಿನಲ್ಲಿದ್ದ ತಂಗಿಯ ಮಗಳ ಮನೆ ಸೇರಿದ್ದರು. ಸೊಂಟಕ್ಕೆ ಕೂಸನ್ನು ಎತ್ತಿಕೊಂಡು ಹಾನಗಲ್ಲಿನಿಂದ ಹೋದ ನನ್ನನ್ನು ದನಿಯಿಂದಲೇ ಗುರುತು ಹಿಡಿದರು. ಕೂಸಿನ ಕಿವಿ, ಮೂಗು, ಹಿಮ್ಮಡಿ ಎಲ್ಲವನ್ನೂ ಬೆರಳಿಂದ ತಡವಿ ನೋಡಿ, ಗಂಡನ ಮೂಗು ಬಂದಿಲ್ಲ, ದೇವರು ದೊಡ್ಡವನು ಎಂದರು. ಕಣ್ಣು ಕಾಣುತ್ತಿದ್ದ ಕಾಲದಲ್ಲಿ ನನ್ನ ಗಂಡನ ಮೂಗನ್ನು ಅವರು ಸರಿಯಾಗಿ ನೋಡಿದ್ದರು. ಊಟ ಮಾಡಿದೆವು. ಮಾರ್ಥವ್ವನ ಸುದ್ದಿ, ಅಪ್ಪನ ಕೊನೆಯ ದಿನಗಳ ಸುದ್ದಿ ಎಲ್ಲ ಆಯಿತು. ಹೊರಡುವ ಹೊತ್ತಿಗೆ ಅವರು ಇದ್ದಕ್ಕಿದ್ದಂತೆ ಆ ಕಾಗದದ ಸುದ್ದಿ ತೆಗೆದರು. ಈಗಲೂ ನೆನಪಾದರೆ ನಿದ್ದೆ ಬರುವುದಿಲ್ಲ ಎಂದರು. ಒಮ್ಮೆ ಮುಗಿದ ಜಗಳವನ್ನು ಮತ್ತೆ ಎತ್ತದ ಅವ್ವಾರು ಎತ್ತಿದರಲ್ಲ ಎಂದು ನನಗೆ ಸಂಕಟವಾಯಿತು. ಸಮಾಧಾನ ಮಾಡಲೆಂದು, ಮನಸ್ಸಿನಲ್ಲಿ ವರ್ಷಗಳಿಂದ ಇದ್ದದ್ದನ್ನೇ ಹೇಳಿದೆ.

"ಅದನ್ನ ಬಿಟ್ಟುಬಿಡ್ರಿ ಅವ್ವಾರ. ನೀವು ಆ ಕಾಗದಾ ಬರೀದಿದ್ರ ಈ ಗಂಡ, ಈ ಮಕ್ಕಳು ನನಗೆಲ್ಲಿ ಸಿಗತಿದ್ರು? ಎಲ್ಲಾ ಒಳ್ಳೇದಕ್ಕ ಆತು."

ಅವರು ಕೂಸಿನ ಮೇಲಿದ್ದ ಕೈ ತೆಗೆದರು.

"ಒಳ್ಳೇದು ಮಾಡಿದ್ದು ದೇವರು. ನನ್ನ ತಪ್ಪು ತಪ್ಪಾಗೇ ಐತಿ. ಒಳ್ಳೇದಾತು ಅಂತ ಬಿಟ್ರ ಅದು ಕ್ಷಮಾ ಅಲ್ಲ ತಂಗಿ. ನಿನಗ ಒಳ್ಳೇದ ಆಗದಿದ್ರ? ಅಪ್ಪನ ಮನ್ಯಾಗ ಒಬ್ಬಾಕಿನ ಕುಂತು ತಲಿ ಬೆಳ್ಳಗಾಗಿದ್ರ? ಆಗ ನನ್ನ ಕ್ಷಮಿಸ್ತಿದ್ದೇನು?"

ತಟ್ಟನೆ ಹೂಂ ಎನ್ನಬಹುದಾಗಿತ್ತು. ಅವರ ಕಣ್ಣು ಕಾಣದಿದ್ದರೂ ನನ್ನ ಸುಳ್ಳು ಅವರಿಗೆ ಕಾಣುತ್ತಿತ್ತು. ನಾನು ಕೂತಲ್ಲೇ ಆ ಇನ್ನೊಂದು ಬಾಳನ್ನು ಮೊದಲ ಸಲ ನೆಟ್ಟಗೆ ನೋಡಿದೆ. ಗಂಡನಿಲ್ಲ, ಈ ಕೂಸಿಲ್ಲ, ಅಪ್ಪ ಹೋದ ಮೇಲೆ ಮುಚ್ಚಿದ ಪಡಸಾಲೆ, ಬಾಗಿಲ ಒಳಗೆ ನಾನೊಬ್ಬಳೇ. ಆ ಬಾಗಿಲಿಗೆ ಈ ಮುದುಕಿ ಬಂದು ನಿಂತು ಕೇಳಿದರೆ? ಕಲ್ಪನೆಯ ಆ ಮನೆಯಲ್ಲಿ ಕೂತಿದ್ದವಳು ಬಹಳ ಹೊತ್ತು ಏಳಲಿಲ್ಲ. ಅವ್ವಾರು ಅವಸರ ಮಾಡಲಿಲ್ಲ. ಕೂಸು ನನ್ನ ಬಳೆ ಎಳೆಯುತ್ತಿತ್ತು. ಕೊನೆಗೆ ಅವಳೂ ಎದ್ದಳು, ಎದ್ದು ಬಂದು ಅವ್ವಾರನ್ನು ಒಳಗೆ ಕರೆದಳು.

"ಕ್ಷಮಿಸ್ತಿದ್ದೆರಿ," ಎಂದೆ. "ಭಾಳ ತಡಾ ಆಗತಿತ್ತು. ಆದ್ರ ಕ್ಷಮಿಸ್ತಿದ್ದೆ."

ಅವ್ವಾರು ಗೋಡೆಗೆ ತಲೆ ಆನಿಸಿ ಉಸಿರು ಬಿಟ್ಟರು. "ಹಂಗಾದ್ರ ಈಗ ಆತು," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಗಾಡಿಯವನು ಎರಡು ಸಲ ಕರೆದರೂ ಬಿಡಲಿಲ್ಲ.

ಮುಂದಿನ ಸುಗ್ಗಿಗೆ ಅವರು ತೀರಿಕೊಂಡ ಸುದ್ದಿ ಬಂತು. ಮಲಗಿದಲ್ಲೇ, ಸಮಾಧಾನದಿಂದ ಹೋದರಂತೆ. ಆ ಸಂಜೆ ನನಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ನೆಮ್ಮದಿಯೇ ಆಯಿತು. ಕ್ಷಮೆಯನ್ನು ನಾನು ಎಂದೋ ಕೊಟ್ಟಾಗಿದೆ ಎಂದುಕೊಂಡಿದ್ದೆ. ಸವಣೂರಿನ ಆ ದಿನದ ತನಕ ಕೊಟ್ಟಿರಲಿಲ್ಲ. ಅದು ಅವರಿಗೆ ಗೊತ್ತಿತ್ತು, ಮತ್ತು ನಾನು ಕೊಡುವ ತನಕ ಅವರು ಬದುಕಿದ್ದರು.